ಬೂದಿದಿಬ್ಬಗಳೂ ಅವುಗಳನ್ನು ಓದಿದ ಬಗೆಗಳೂ

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ಮಾರ್ಗದಲ್ಲಿ, ಕುಡತಿನಿಯ ಸಮೀಪದಲ್ಲಿ, ಸುತ್ತಲಿನ ಎರೆಯ ಬಯಲಿಗಾಗಲಿ ಬಂಡೆಗಳ ಗುಡ್ಡಗಳಿಗಾಗಲಿ ಯಾವ ವಿಧದಲ್ಲಿಯೂ ಹೊಂದದ, ಬೂದು ಬಣ್ಣದ ದೊಡ್ಡದೊಂದು ದಿಬ್ಬವಿದೆ. ಅದರ ಮಗ್ಗುಲಿನಿಂದ ಉದುರಿದ ಒಂದು ಹೆಂಟೆಯನ್ನು ಕೈಗೆತ್ತಿಕೊಂಡು ನೋಡಿದರೆ, ಕಣ್ಣಿಗೆ ಕಲ್ಲೆಂದು ತೋರಿದ ವಸ್ತುವಿನಲ್ಲಿ ಕಲ್ಲಿನ ಭಾರವಿಲ್ಲದಿರುವುದೂ, ಮೈಯೆಲ್ಲ ಸಣ್ಣ ಸಣ್ಣ ತೂತುಗಳಿಂದ ತುಂಬಿರುವುದೂ, ಒಡೆದ ಕಡೆಯಲ್ಲಿ ಕರಗಿ ಹೆಪ್ಪುಗಟ್ಟಿದ ಗಾಜಿನ ಹೊಳಪು ಕಾಣುವುದೂ ಗಮನಕ್ಕೆ ಬರುತ್ತದೆ. ಇಂತಹ ಕಿಟ್ಟದ ಪದರಗಳ ನಡುನಡುವೆ ಮೆತ್ತನೆಯ ಬಿಳಿಯ ಬೂದಿಯ ಪದರಗಳು; ಅವುಗಳ ನಡುವೆ ಅಲ್ಲಲ್ಲಿ ಮಡಕೆಯ ಬೋಕಿಗಳು, ದನಗಳ ಎಲುಬುಗಳು, ಒಮ್ಮೊಮ್ಮೆ ನಯವಾಗಿ ಉಜ್ಜಿ ಹರಿತಗೊಳಿಸಿದ ಕಲ್ಲಿನ ಕೊಡಲಿ. ಬಳ್ಳಾರಿ, ರಾಯಚೂರು, ಸುರಪುರಗಳ ಸೀಮೆಯಲ್ಲಿಯೂ ಅವುಗಳಿಗೆ ಹೊಂದಿಕೊಂಡ ಆಂಧ್ರ ತೆಲಂಗಾಣಗಳ ನೆಲದಲ್ಲಿಯೂ ಇಂತಹ ದಿಬ್ಬಗಳು ನೂರಕ್ಕೂ ಮಿಕ್ಕು ಇವೆ. ಕೆಲವು ಆಳೆತ್ತರಕ್ಕೆ ಮೀರುವುದಿಲ್ಲ. ಕೆಲವು ಎರಡು ಮಾಳಿಗೆಯ ಮನೆಯನ್ನು ಮುಚ್ಚುವಷ್ಟು ಎತ್ತರವಾಗಿವೆ.

ಪುರಾತತ್ತ್ವಶಾಸ್ತ್ರವು ಹೇಗೆ ಬೆಳೆಯಿತು, ಅದರ ಸಿದ್ಧಾಂತಗಳೂ ಕ್ರಮಗಳೂ ಒಂದರಿಂದ ಮತ್ತೊಂದಕ್ಕೆ ಹೇಗೆ ಮಾರ್ಪಟ್ಟವು ಎಂಬ ವಿಷಯವನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಡೆನ್ಮಾರ್ಕಿನ ವಸ್ತುಸಂಗ್ರಹಾಲಯದಿಂದ ಹೊರಟು, ಫ್ರಾನ್ಸಿನ ನದೀತೀರಗಳನ್ನೂ ಈಜಿಪ್ಟಿನ ಸಮಾಧಿಗಳನ್ನೂ ಸುತ್ತಿಕೊಂಡು, ಕೊನೆಗೆ ಅಮೆರಿಕದ ವಿಶ್ವವಿದ್ಯಾನಿಲಯಗಳಲ್ಲಿ ಬಂದು ನಿಲ್ಲುತ್ತಾರೆ. ಆ ದಾರಿ ತಪ್ಪಾದುದಲ್ಲ. ಆದರೆ ಒಂದು ಶಾಸ್ತ್ರದ ಬೆಳವಣಿಗೆಯನ್ನು ಅರಿಯುವುದಕ್ಕೆ ಅದು ಪ್ರತಿಯೊಂದು ತಲೆಮಾರಿನಲ್ಲಿಯೂ ಹೊಸದಾಗಿ ಕಂಡುಹಿಡಿದ ವಸ್ತುಗಳನ್ನು ನೋಡುವುದಕ್ಕಿಂತ, ಎರಡು ಶತಮಾನಗಳ ಕಾಲ ಕದಲದೆ ನಿಂತಿರುವ ಒಂದೇ ವಸ್ತುವನ್ನು ಅದು ಬೇರೆಬೇರೆ ತಲೆಮಾರುಗಳಲ್ಲಿ ಹೇಗೆ ಓದಿತೆಂಬುದನ್ನು ನೋಡುವುದು ಹೆಚ್ಚು ಬೋಧಪ್ರದವೆಂದು ನನಗೆ ತೋರುತ್ತದೆ. ವಸ್ತು ಬದಲಾಗದಿರುವಾಗ, ಬದಲಾದದ್ದು ಪ್ರಶ್ನೆಯೆಂಬುದು ಸ್ಪಷ್ಟವಾಗಿ ಕಾಣುತ್ತದೆ. ನಮ್ಮ ಬೂದಿದಿಬ್ಬಗಳು ಅಂತಹ ವಸ್ತು.

ಅವುಗಳ ಮೊದಲ ಓದು ಜನರದು. ಹಂಪೆಯ ಸಮೀಪದ ನಿಂಬಾಪುರದ ದಿಬ್ಬವನ್ನು ಅಲ್ಲಿನವರು ವಾಲಿಯ ದಹನವಾದ ಸ್ಥಳವೆಂದು ಹೇಳುತ್ತಾರೆ. ಕಿಷ್ಕಿಂಧೆಯ ನೆಲದಲ್ಲಿ, ಋಷ್ಯಮೂಕ ಮಾತಂಗ ಪರ್ವತಗಳ ನೆರೆಯಲ್ಲಿ, ಅಷ್ಟು ಬೂದಿ ಒಂದೆಡೆ ಬಿದ್ದಿರುವುದಕ್ಕೆ ಅದಕ್ಕಿಂತ ಯುಕ್ತವಾದ ಕಾರಣವನ್ನು ಆ ಜನ ಊಹಿಸುವುದೂ ಶಕ್ಯವಿರಲಿಲ್ಲ. ಬೇರೆ ಕಡೆಗಳಲ್ಲಿ ರಾಕ್ಷಸರ ದೇಹಗಳು ಸುಟ್ಟ ಬೂದಿಯೆಂದೂ, ಋಷಿಗಳು ಮಾಡಿದ ಮಹಾಯಜ್ಞಗಳ ಭಸ್ಮವೆಂದೂ ಹೇಳಿಕೆಗಳುಂಟು. ಈ ಕಥೆಗಳನ್ನು ಅಜ್ಞಾನವೆಂದು ತಳ್ಳಿಹಾಕುವುದು ಉಚಿತವಲ್ಲ. ದಿಬ್ಬವು ಪ್ರಕೃತಿಯಿಂದಾದುದಲ್ಲ, ಬೆಂಕಿಯಿಂದಾದುದು, ಆ ಬೆಂಕಿ ನಿತ್ಯದ ಒಲೆಯ ಬೆಂಕಿಗಿಂತ ಬಹು ದೊಡ್ಡದು ಎಂಬ ಮೂರು ಸಂಗತಿಗಳನ್ನು ಅವು ಸರಿಯಾಗಿಯೇ ಗ್ರಹಿಸಿವೆ. ತರುವಾಯ ಬಂದ ಪಂಡಿತರಲ್ಲಿ ಕೆಲವರು ಅಷ್ಟನ್ನೂ ಗ್ರಹಿಸಲಿಲ್ಲ.

ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಕಂಪೆನಿಯ ಸೈನ್ಯಾಧಿಕಾರಿಗಳೂ ಸರ್ವೆಯವರೂ ಈ ಸೀಮೆಯಲ್ಲಿ ಸಂಚರಿಸಿದಾಗ ದಿಬ್ಬಗಳು ಅವರ ಕಣ್ಣಿಗೆ ಬಿದ್ದವು. ಅವರಲ್ಲೊಬ್ಬರಾದ ಕ್ಯಾಪ್ಟನ್ ನ್ಯೂಬೋಲ್ಡ್ ಅವರು 1843ರಲ್ಲಿ ಲಂಡನ್ನಿನ ರಾಯಲ್ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅವುಗಳ ಮೇಲೆ ಒಂದು ಲೇಖನವನ್ನು ಪ್ರಕಟಿಸಿದರು. ಅಂದಿನ ಪುರಾತನವಸ್ತುಪ್ರಿಯರ ರೀತಿಯೇ ಅದು: ಕಂಡದ್ದನ್ನು ವರ್ಣಿಸುವುದು, ಅಳೆಯುವುದು, ಸ್ಥಳೀಯರ ಹೇಳಿಕೆಯನ್ನು ಬರೆದುಕೊಳ್ಳುವುದು, ಒಂದು ಹಿಡಿ ಮಾದರಿಯನ್ನು ಕಟ್ಟಿಕೊಂಡು ಹೋಗುವುದು. ಕಾಲದ ಕಲ್ಪನೆಯೇ ಅವರಿಗೆ ಇರಲಿಲ್ಲವೆಂದು ಹೇಳಬಹುದು. ಮನುಷ್ಯನ ಇತಿಹಾಸವು ಗ್ರಂಥಗಳಲ್ಲಿ ಬರೆದಷ್ಟೇ ಎಂದು ನಂಬಿದ್ದ ಜಗತ್ತಿನಲ್ಲಿ, ಗ್ರಂಥಗಳು ಹೆಸರಿಸದ ಒಂದು ಬೂದಿಗುಡ್ಡೆಯನ್ನು ಇಡುವುದಕ್ಕೆ ಸ್ಥಳವಾದರೂ ಎಲ್ಲಿತ್ತು? ಕೋಪನ್‌ಹೇಗನ್ನಿನಲ್ಲಿ ಥಾಮ್ಸೆನ್ ಅವರು ಶಿಲೆ, ಕಂಚು, ಕಬ್ಬಿಣ ಎಂಬ ಮೂರು ಯುಗಗಳ ಕ್ರಮದಲ್ಲಿ ವಸ್ತುಗಳನ್ನು ಜೋಡಿಸಿ ತೋರಿಸಿದ್ದರೂ ಆ ವಿಚಾರ ಇನ್ನೂ ಬಳ್ಳಾರಿಯವರೆಗೆ ಬಂದಿರಲಿಲ್ಲ.

ಇದೇ ಕಾಲಘಟ್ಟದಲ್ಲಿ ನಮ್ಮ ಸುರಪುರದ ಸೀಮೆಯಲ್ಲಿ ನಡೆದ ಒಂದು ಕೆಲಸವನ್ನು ಇಲ್ಲಿ ಸ್ಮರಿಸದೆ ಮುಂದೆ ಹೋಗಲಾರೆ. ಅಲ್ಲಿನ ಎಳೆಯ ಅರಸನ ಪರವಾಗಿ ಆಡಳಿತ ನೋಡಿಕೊಳ್ಳುತ್ತಿದ್ದ ಮೆಡೋಸ್ ಟೇಲರ್ ಅವರು ಜೇವರ್ಗಿ ಮೊದಲಾದ ಕಡೆಗಳ ಬೃಹತ್ ಶಿಲಾಸಮಾಧಿಗಳನ್ನು ಅಗೆಸಿದರು. ಸಮಾಧಿಗಳನ್ನು ಅಗೆಸಿದವರು ಆ ಕಾಲದಲ್ಲಿ ಬೇಕಾದಷ್ಟು ಮಂದಿ; ಅವರಿಗೆ ಬೇಕಾಗಿದ್ದುದು ಒಳಗಿನ ಪಾತ್ರೆ, ಮಣಿ, ಕತ್ತಿಗಳು. ಟೇಲರ್ ಅವರಾದರೋ ಸಮಾಧಿಯನ್ನು ಮೇಲಿನಿಂದ ಕೆಳಗೆ ಸೀಳಿದಂತೆ ಚಿತ್ರವನ್ನು ಬರೆದು, ಯಾವ ಮಣ್ಣಿನ ಕೆಳಗೆ ಯಾವ ಮಣ್ಣು, ಯಾವ ಪದರದಲ್ಲಿ ಅಸ್ಥಿ, ಯಾವುದರಲ್ಲಿ ಮಡಕೆ ಎಂಬುದನ್ನು ಕ್ರಮವಾಗಿ ತೋರಿಸಿದರು. ಇಂಗ್ಲೆಂಡಿನಲ್ಲಿ ಪಿಟ್ ರಿವರ್ಸ್ ಅವರು ಸ್ತರಗಳನ್ನು ಶಿಸ್ತಾಗಿ ದಾಖಲಿಸಿ ಕೀರ್ತಿ ಪಡೆಯುವುದಕ್ಕೆ ಎಷ್ಟೋ ವರ್ಷಗಳ ಮುನ್ನವೇ, ಭೀಮೆಯ ದಡದ ಹೊಲಗಳಲ್ಲಿ, ಪುರಾತತ್ತ್ವದ ಯಾವ ಶಿಕ್ಷಣವನ್ನೂ ಪಡೆಯದ ಒಬ್ಬ ಆಡಳಿತಗಾರ ಈ ಕೆಲಸವನ್ನು ಮಾಡಿದ್ದು ಆಶ್ಚರ್ಯಕರ. ಆದರೆ ಅದನ್ನು ಮುಂದುವರಿಸಿಕೊಂಡು ಹೋಗುವ ಪರಂಪರೆ ಇಲ್ಲದುದರಿಂದ ಅವರ ಚಿತ್ರಗಳು ಬಹುಕಾಲ ಪತ್ರಿಕೆಯ ಪುಟಗಳಲ್ಲಿಯೇ ಉಳಿದವು. ಕ್ರಮವೆಂಬುದು ಒಬ್ಬನ ಪ್ರತಿಭೆಯಿಂದ ಹುಟ್ಟಬಹುದು. ಅದು ಬದುಕಬೇಕಾದರೆ ಕಲಿಸುವವರೂ ಕಲಿಯುವವರೂ ಬೇಕು.

1859ರಲ್ಲಿ ಇಂಗ್ಲೆಂಡಿನ ಪ್ರೆಸ್ಟ್‌ವಿಚ್ ಮತ್ತು ಇವಾನ್ಸ್ ಎಂಬ ವಿದ್ವಾಂಸರು ಫ್ರಾನ್ಸಿನ ಸೋಮ್ ನದಿಯ ಕಣಿವೆಗೆ ಹೋಗಿ, ಬೂಷೆ ದ ಪೆರ್ತ್ ಎಂಬವರು ಅಲ್ಲಿ ಕಂಡಿದ್ದ ಕಲ್ಲಿನ ಆಯುಧಗಳು ಅಳಿದುಹೋದ ಪ್ರಾಣಿಗಳ ಎಲುಬುಗಳೊಡನೆ ಒಂದೇ ಪದರದಲ್ಲಿ ದೊರೆಯುತ್ತವೆಂದು ಒಪ್ಪಿಕೊಂಡ ಮೇಲೆ, ಮನುಷ್ಯನ ಪ್ರಾಚೀನತೆಗೆ ಇದ್ದ ಎಲ್ಲೆಕಟ್ಟು ಮುರಿದುಬಿತ್ತು. ಅದರ ಫಲ ನಮ್ಮ ದೇಶಕ್ಕೆ ಬರಲು ನಾಲ್ಕೇ ವರ್ಷ ಸಾಕಾಯಿತು. ಭೂವಿಜ್ಞಾನ ಇಲಾಖೆಯ ಅಧಿಕಾರಿ ರಾಬರ್ಟ್ ಬ್ರೂಸ್ ಫೂಟ್ ಅವರಿಗೆ 1863ರ ಮೇ 30ರಂದು ಮದರಾಸಿನ ಬಳಿಯ ಪಲ್ಲಾವರದಲ್ಲಿ ಹಳೆಯ ಶಿಲಾಯುಗದ ಕೈಗೊಡಲಿಯೊಂದು ದೊರೆಯಿತು. ಅಲ್ಲಿಂದ ಮುಂದಕ್ಕೆ ಅವರು ಶಿಲೆಯ ಸಮೀಕ್ಷೆಗಾಗಿ ನಡೆದ ದಾರಿಯಲ್ಲೆಲ್ಲ ಶಿಲಾಯುಗದ ಮನುಷ್ಯನನ್ನೂ ಹುಡುಕುತ್ತ ನಡೆದರು. ಬಳ್ಳಾರಿ ಜಿಲ್ಲೆಯ ಭೂವಿಜ್ಞಾನವನ್ನು ಬರೆದವರು ಅವರೇ. ಆ ಕೆಲಸಕ್ಕಾಗಿ ಬೆಟ್ಟ ಕಣಿವೆಗಳನ್ನು ತುಳಿದ ಅವರಿಗೆ ಬೂದಿದಿಬ್ಬಗಳೆಂದರೆ ಒಂದು ವಿಶೇಷವಾದ ಆಸ್ಥೆ.

ಫೂಟ್ ಅವರ ತರ್ಕ ಎಷ್ಟು ಸರಳವೋ ಅಷ್ಟು ದೃಢವಾದುದು. ಅವರು ಭೂವಿಜ್ಞಾನಿಯಾದುದರಿಂದ ಆ ಕಿಟ್ಟವು ಜ್ವಾಲಾಮುಖಿಯ ಉಗುಳಲ್ಲವೆಂದು ತಿಳಿಯಲು ತಡವಾಗಲಿಲ್ಲ. ದಿಬ್ಬಗಳ ಮೇಲೆಯೂ ಅವುಗಳ ಸುತ್ತಲೂ ಉಜ್ಜಿದ ಕಲ್ಲುಗೊಡಲಿಗಳೂ ಅರೆಯುವ ಕಲ್ಲುಗಳೂ ಕೈಯಿಂದ ಮಾಡಿದ ಮಡಕೆಯ ಬೋಕಿಗಳೂ ಮತ್ತೆಮತ್ತೆ ದೊರೆಯುವುದನ್ನು ಕಂಡು, ಇವು ಲೋಹವನ್ನು ಬಳಸದ ನವಶಿಲಾಯುಗದ ಜನರವೆಂದು ನಿಶ್ಚಯಿಸಿದರು. ಸುಟ್ಟ ವಸ್ತು ಯಾವುದೆಂಬುದಕ್ಕೂ ಅವರು ಕೊಟ್ಟ ಉತ್ತರ ಸರಿಯಾಗಿಯೇ ಇತ್ತು: ದನಗಳ ಸೆಗಣಿ. ಆಫ್ರಿಕದ ಗೋಪಾಲಕರು ಮುಳ್ಳಿನ ಬೇಲಿ ಕಟ್ಟಿ ದನಗಳನ್ನು ಕೂಡುತ್ತಿದ್ದ ದೊಡ್ಡಿಗಳ ವರ್ಣನೆಯನ್ನು ಓದಿದ್ದ ಅವರು, ಅಂತಹವೇ ದೊಡ್ಡಿಗಳು ಇಲ್ಲಿಯೂ ಇದ್ದು, ಬೆಂಕಿ ಬಿದ್ದು ಸುಟ್ಟಿರಬೇಕೆಂದು ಭಾವಿಸಿದರು. ಇಂದಿಗೂ ಪುರಾತತ್ತ್ವದಲ್ಲಿ ನಡೆಯುವ ಮೂರು ಬಗೆಯ ತರ್ಕಗಳು, ಎಂದರೆ ವಸ್ತುವಿನ ಗುಣದಿಂದ ಅದರ ಮೂಲವನ್ನು ಅರಿಯುವುದು, ಸಹಚರವಾಗಿ ದೊರೆಯುವ ವಸ್ತುಗಳಿಂದ ಯುಗವನ್ನು ನಿರ್ಣಯಿಸುವುದು, ಬದುಕಿರುವ ಜನರ ಆಚಾರದಿಂದ ಅಳಿದ ಜನರ ಆಚಾರವನ್ನು ಊಹಿಸುವುದು, ಈ ಮೂರೂ ಅವರ ಒಂದೇ ವಾದದಲ್ಲಿ ಹೆಣೆದುಕೊಂಡಿವೆ.

ಆದರೆ ಸರಿಯಾದ ಉತ್ತರ ದೊರೆತ ಮಾತ್ರಕ್ಕೆ ಅದು ನಿಲ್ಲುತ್ತದೆಂದು ಹೇಳಲಾಗದು. ಫೂಟ್ ಅವರ ಮತವನ್ನು ಬಹುಮಂದಿ ಒಪ್ಪಲಿಲ್ಲ. ವಿಜಯನಗರದ ಚರಿತ್ರಕಾರರಾದ ರಾಬರ್ಟ್ ಸಿವೆಲ್ ಅವರು 1899ರಲ್ಲಿ ಬಳ್ಳಾರಿಯ ಕಿಟ್ಟದ ದಿಬ್ಬಗಳ ವಿಷಯವಾಗಿ ಒಂದು ಪ್ರಬಂಧವನ್ನೇ ಬರೆದು ಚರ್ಚೆಯನ್ನು ಮತ್ತೆ ತೆರೆದರು. ಹಂಪೆಯ ವೈಭವವೂ ಅದರ ವಿನಾಶವೂ ಮನಸ್ಸನ್ನು ತುಂಬಿಕೊಂಡಿದ್ದ ಕಾಲವದು. ಅಷ್ಟು ಬೂದಿಯನ್ನು ಕಂಡವರಿಗೆ ಯುದ್ಧದಲ್ಲಿ ಮಡಿದವರ ಚಿತೆಗಳೂ ಸಹಗಮನಗಳೂ ನೆನಪಾದುದು ಸಹಜ. ಇನ್ನು ಕೆಲವರಿಗೆ ಅದು ಕಬ್ಬಿಣ ಕರಗಿಸಿದ ಕುಲುಮೆಯ ಕಿಟ್ಟವಾಗಿ ಕಂಡಿತು. ಶಾಸನ ಮತ್ತು ಗ್ರಂಥಗಳಿಂದ ಚರಿತ್ರೆಯನ್ನು ಕಟ್ಟುವ ವಿದ್ವಾಂಸನು ನೆಲದ ಮೇಲಿನ ವಸ್ತುವಿಗೂ ಗ್ರಂಥದಲ್ಲಿಯೇ ಒಂದು ಸ್ಥಾನವನ್ನು ಹುಡುಕುತ್ತಾನೆ. ಇದು ದೋಷವೆನ್ನುವುದಕ್ಕಿಂತ ಆ ವಿದ್ಯೆಯ ಸ್ವಭಾವವೆನ್ನಬೇಕು. ದಿಬ್ಬವನ್ನು ಅಗೆದು ನೋಡಿದರೆ ವಿವಾದ ತೀರುತ್ತಿತ್ತು. ಅರ್ಧ ಶತಮಾನದವರೆಗೆ ಯಾರೂ ಕ್ರಮವಾಗಿ ಅಗೆಯಲಿಲ್ಲ.

ಅದೇ ಅವಧಿಯಲ್ಲಿ ಮೈಸೂರು ಸಂಸ್ಥಾನದ ಪ್ರಾಕ್ತನ ಇಲಾಖೆ ಶಾಸನಗಳ ಸಂಗ್ರಹದಲ್ಲಿ ಜಗತ್ತೇ ಮೆಚ್ಚುವ ಕಾರ್ಯವನ್ನು ಮಾಡುತ್ತಿತ್ತು. ಬಿ.ಎಲ್. ರೈಸ್ ಅವರು 1892ರಲ್ಲಿ ಮೊಳಕಾಲ್ಮೂರು ಸೀಮೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಬೆಳಕಿಗೆ ತಂದರು. ಅವುಗಳಲ್ಲಿ ಹೇಳಿದ ಇಸಿಲವೆಂಬ ಪಟ್ಟಣವು ಎಲ್ಲಿದ್ದೀತೆಂಬ ಕುತೂಹಲದಿಂದಲೇ ಬ್ರಹ್ಮಗಿರಿಯ ತಪ್ಪಲಿನ ನೆಲಕ್ಕೆ ಗುದ್ದಲಿ ಬಿದ್ದಿತು. ಅದನ್ನು ಮೊದಲು ಹಿಡಿದವರು ಎಂ.ಎಚ್. ಕೃಷ್ಣ ಅವರು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿಯೂ ಬ್ರಹ್ಮಗಿರಿಯಲ್ಲಿಯೂ ಅಗೆಸಿ, ಶಾತವಾಹನರ ಪದರದ ಕೆಳಗೆ ಇನ್ನೂ ಹಳೆಯ ಸಂಸ್ಕೃತಿಗಳಿವೆಯೆಂದು ತೋರಿಸಿದ ಅವರ ಕೆಲಸಕ್ಕೆ ಸಲ್ಲಬೇಕಾದಷ್ಟು ಗೌರವ ಸಂದಿಲ್ಲ. ಬ್ರಹ್ಮಗಿರಿಯೆಂದೊಡನೆ ವೀಲರ್ ಅವರ ಹೆಸರು ಬರುತ್ತದೆ. ಅವರನ್ನು ಅಲ್ಲಿಗೆ ಸೆಳೆದ ಪೂರ್ವಸಿದ್ಧತೆ ಮೈಸೂರಿನವರದು.

ಮಾರ್ಟಿಮರ್ ವೀಲರ್ ಅವರು 1944ರಲ್ಲಿ ಭಾರತದ ಪುರಾತತ್ತ್ವ ಇಲಾಖೆಯ ಮಹಾನಿರ್ದೇಶಕರಾಗಿ ಬಂದು, ಆ ವರ್ಷವೇ ತಕ್ಷಶಿಲೆಯಲ್ಲಿ ಶಿಬಿರವೊಂದನ್ನು ನಡೆಸಿ ಭಾರತೀಯ ವಿದ್ಯಾರ್ಥಿಗಳಿಗೆ ಹೊಸ ಉತ್ಖನನ ಕ್ರಮವನ್ನು ಕಲಿಸಿದರು. ಅವರ ಮುನ್ನ ಇಲ್ಲಿ ನಡೆಯುತ್ತಿದ್ದ ಉತ್ಖನನವೆಂದರೆ ಕೂಲಿಯವರನ್ನು ನೂರುಗಟ್ಟಲೆ ಹಚ್ಚಿ ಗೋಡೆಗಳನ್ನು ಬಿಡಿಸುವುದು, ದೊರೆತ ವಸ್ತು ನೆಲದಿಂದ ಎಷ್ಟು ಅಡಿ ಕೆಳಗಿತ್ತೆಂದು ಬರೆದಿಡುವುದು. ಆಳ ಒಂದೇ ಆದರೂ ಪದರ ಬೇರೆಯಾಗಿರಬಹುದು. ಇಳಿಜಾರಾದ ನೆಲದಲ್ಲಿ ಎರಡು ವಸ್ತುಗಳು ಒಂದೇ ಮಟ್ಟದಲ್ಲಿ ದೊರೆತರೂ ಅವುಗಳ ನಡುವೆ ಐನೂರು ವರ್ಷಗಳ ಅಂತರವಿರಬಹುದು. ವೀಲರ್ ಅವರ ಕ್ರಮದಲ್ಲಿ ನೆಲವನ್ನು ಚೌಕಗಳಾಗಿ ವಿಂಗಡಿಸಿ, ಚೌಕ ಚೌಕಗಳ ನಡುವೆ ಅಗೆಯದ ಗೋಡೆಯನ್ನು ಉಳಿಸಿಕೊಂಡು, ಪದರದ ಬಣ್ಣ, ಗಟ್ಟಿತನ, ಇಳುಕಲುಗಳನ್ನು ಅನುಸರಿಸಿ ಒಂದೊಂದನ್ನೇ ತೆಗೆಯಬೇಕು. ಉಳಿದ ಗೋಡೆಯ ಮುಖದಲ್ಲಿ ಪ್ರತಿ ಪದರಕ್ಕೂ ಅಂಕೆ ಬರೆದ ಚೀಟಿಯನ್ನು ಸಿಕ್ಕಿಸಬೇಕು; ಒಂದು ಬೋಕಿ ಹೊರಬಂದರೂ ಅದು ಆ ಅಂಕೆಯ ಬುಟ್ಟಿಗೇ ಹೋಗಬೇಕು. ಕಂದಕದ ಅಂಚು ನೆಟ್ಟಗೆ ನಿಲ್ಲದಿದ್ದರೆ ಗುರುಗಳಿಂದ ಬೈಗಳು ತಪ್ಪುತ್ತಿರಲಿಲ್ಲ. ಅವರಿಂದ ಕಲಿತ ತಲೆಮಾರು, ಬಿ.ಬಿ. ಲಾಲ್, ಬಿ.ಕೆ. ಥಾಪರ್ ಮೊದಲಾದವರು, ಈ ದೇಶದ ಉತ್ಖನನವನ್ನು ಹಲವು ದಶಕಗಳ ಕಾಲ ನಡೆಸಿದರು. ಥಾಪರ್ ಅವರು 1954ರಲ್ಲಿ ಮಸ್ಕಿಯನ್ನು ಅಗೆದದ್ದು ಈ ಕ್ರಮದಲ್ಲಿಯೇ.

1947ರಲ್ಲಿ ಬ್ರಹ್ಮಗಿರಿಯಲ್ಲಿ ವೀಲರ್ ಅವರು ಕಟ್ಟಿದ ಕಾಲಗಣನೆಯ ಸರಪಳಿ ಒಂದು ಸೊಗಸಾದ ತರ್ಕ. ಪುದುಚೇರಿಯ ಬಳಿಯ ಅರಿಕಮೇಡಿನಲ್ಲಿ ಅವರು 1945ರಲ್ಲಿ ಅಗೆದಾಗ ಇಟಲಿಯ ಅರೆಟ್ಸೊ ಪಟ್ಟಣದ ಕೆಂಪು ಮಡಕೆಯ ಚೂರುಗಳು ದೊರೆತಿದ್ದವು. ಆ ಮಡಕೆ ಕ್ರಿ.ಶ. ಮೊದಲನೆಯ ಶತಮಾನದ ಮಧ್ಯದ ಹೊತ್ತಿಗೆ ನಿಂತುಹೋದುದೆಂದು ರೋಮನ್ ಚರಿತ್ರೆಯಿಂದ ಗೊತ್ತು. ಅದರೊಡನೆ ಅರಿಕಮೇಡಿನಲ್ಲಿ, ಚಕ್ರದ ಮೇಲೆ ಹಲ್ಲಿನ ಗುರುತುಗಳ ವೃತ್ತವನ್ನು ಒತ್ತಿದ ಒಂದು ಬಗೆಯ ತಟ್ಟೆಗಳು ದೊರೆಯುತ್ತವೆ; ಅದೇ ತಟ್ಟೆಗಳು ಚಂದ್ರವಳ್ಳಿಯಲ್ಲಿಯೂ ಬ್ರಹ್ಮಗಿರಿಯ ಮೇಲಿನ ಪದರದಲ್ಲಿಯೂ ಉಂಟು. ಚಂದ್ರವಳ್ಳಿಯಲ್ಲಿ ರೋಮಿನ ಚಕ್ರವರ್ತಿ ಟೈಬೀರಿಯಸ್ಸನ ನಾಣ್ಯವೂ ದೊರೆತು ಸಾಕ್ಷ್ಯ ಬಲವಾಯಿತು. ಆದಕಾರಣ ಮೇಲಿನ ಪದರ ಕ್ರಿ.ಶ. ಮೊದಲನೆಯ ಶತಮಾನದ್ದು, ಅದರ ಕೆಳಗೆ ಕಬ್ಬಿಣ ಬಳಸಿದ ಬೃಹತ್ ಶಿಲಾಸಮಾಧಿಗಳ ಜನರದು, ಎಲ್ಲಕ್ಕೂ ಕೆಳಗೆ ಕಲ್ಲುಗೊಡಲಿಯ ಜನರದು, ಎಂದರೆ ಬೂದಿದಿಬ್ಬಗಳ ಜನರಿಗೆ ನಿಕಟ ಬಂಧುಗಳಾದವರದು. ಇಟಲಿಯ ಒಂದು ಬೋಕಿಯಿಂದ ಮೊಳಕಾಲ್ಮೂರಿನ ಶಿಲಾಯುಗದವರೆಗೆ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಬಂದ ವೀಲರ್ ಅವರು, ಪದರಗಳ ದಪ್ಪವನ್ನು ಲೆಕ್ಕಕ್ಕೆ ತೆಗೆದುಕೊಂಡು, ಕಲ್ಲುಗೊಡಲಿಯ ಸಂಸ್ಕೃತಿ ಕ್ರಿ.ಪೂ. ಮೊದಲನೆಯ ಸಹಸ್ರಮಾನದ ಆದಿಯಲ್ಲಿ ಪ್ರಾರಂಭವಾಗಿರಬೇಕೆಂದು ತೀರ್ಮಾನಿಸಿದರು.

ಪದರಗಳ ಪೌರ್ವಾಪರ್ಯದಲ್ಲಿ ಅವರು ಕಂಡದ್ದೆಲ್ಲ ಇಂದಿಗೂ ನಿಂತಿದೆ. ಕಾಲವನ್ನು ಕುರಿತು ಹೇಳಿದ್ದು ಮಾತ್ರ ನಿಲ್ಲಲಿಲ್ಲ. ಮೇಲಿನ ತುದಿಯನ್ನು ರೋಮಿನ ಗೂಟಕ್ಕೆ ಭದ್ರವಾಗಿ ಕಟ್ಟಿದ ಹಗ್ಗವು ಕೆಳಗಡೆ ಎಷ್ಟು ಉದ್ದ ಇಳಿದಿದೆಯೆಂಬುದನ್ನು ಪದರದ ದಪ್ಪದಿಂದ ಅಳೆಯಲಾಗದು. ಒಂದು ಗೇಣು ಮಣ್ಣು ಹತ್ತು ವರ್ಷಗಳಲ್ಲಿಯೂ ಸೇರಬಹುದು, ಸಾವಿರ ವರ್ಷಗಳಲ್ಲಿಯೂ ಸೇರಬಹುದು. ಆ ಉದ್ದವನ್ನು ಅಳೆಯುವ ಸಾಧನ ಪುರಾತತ್ತ್ವಜ್ಞರ ಕೈಯಲ್ಲಿ ಅಂದು ಇರಲಿಲ್ಲ. ಅಮೆರಿಕದ ರಸಾಯನಶಾಸ್ತ್ರಜ್ಞ ವಿಲ್ಲರ್ಡ್ ಲಿಬ್ಬಿ ಅವರು 1949ರಲ್ಲಿ ಅದನ್ನು ಕೊಟ್ಟರು. ಬದುಕಿರುವ ಗಿಡ ಮರ ಪ್ರಾಣಿಗಳಲ್ಲೆಲ್ಲ ವಿಕಿರಣಶೀಲವಾದ ಇಂಗಾಲದ ಒಂದು ಅಲ್ಪಾಂಶವಿದ್ದು, ಸತ್ತ ಕ್ಷಣದಿಂದ ಅದು ಸುಮಾರು 5,730 ವರ್ಷಗಳಿಗೆ ಅರ್ಧದಂತೆ ಕ್ಷಯಿಸುತ್ತ ಹೋಗುತ್ತದೆ. ಉಳಿದ ಅಂಶವನ್ನು ಅಳೆದರೆ ಇದ್ದಲಿನ ಚೂರೊಂದು ಯಾವಾಗ ಮರವಾಗಿ ನಿಂತಿತ್ತೆಂದು ಹೇಳಬಹುದು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ಇದಕ್ಕಾಗಿಯೇ ಒಂದು ಪ್ರಯೋಗಶಾಲೆ ಏರ್ಪಟ್ಟ ಮೇಲೆ ದಕ್ಷಿಣದ ನವಶಿಲಾಯುಗದ ಕಾಲ ಒಂದೊಂದೇ ನಿವೇಶನದಿಂದ ಹೊರಬರತೊಡಗಿತು. ವೀಲರ್ ಅವರು ಕೊಟ್ಟ ಕಾಲ ಸಾವಿರ ವರ್ಷಗಳಿಗೂ ಹೆಚ್ಚು ಹಿಂದಕ್ಕೆ ಸರಿದು, ಬೂದಿದಿಬ್ಬಗಳ ಪ್ರಾರಂಭ ಕ್ರಿ.ಪೂ. ಮೂರನೆಯ ಸಹಸ್ರಮಾನಕ್ಕೆ ಹೋಯಿತು. ಹರಪ್ಪ ಮೊಹೆಂಜೊದಾರೊಗಳು ಏಳಿಗೆಯಲ್ಲಿದ್ದಾಗಲೇ ರಾಯಚೂರಿನ ಬಯಲುಗಳಲ್ಲಿ ದನದ ದೊಡ್ಡಿಗಳು ಉರಿಯುತ್ತಿದ್ದುವು.

ದೊಡ್ಡಿಗಳೆಂದು ಇಷ್ಟು ನಿಶ್ಚಯವಾಗಿ ಹೇಳಬಲ್ಲೆವಾದರೆ ಅದಕ್ಕೆ ಕಾರಣ ರೇಮಂಡ್ ಆಲ್ಚಿನ್ ಅವರು. 1952ರಲ್ಲಿ ಮುದಗಲ್ಲಿನ ಸಮೀಪದ ಪಿಕ್ಲಿಹಾಳವನ್ನು ಅಗೆದಿದ್ದ ಅವರು, 1957ರಲ್ಲಿ ಮಹಬೂಬನಗರ ಜಿಲ್ಲೆಯ ಉಟ್ನೂರಿನಲ್ಲಿ ಒಂದು ಬೂದಿದಿಬ್ಬವನ್ನು ಪದರ ಪದರವಾಗಿ ಬಿಡಿಸಿದರು. ತಳದಲ್ಲಿ ಅವರಿಗೆ ಕಂಡದ್ದು ಸಾಲಾಗಿ ನೆಟ್ಟ ಕಂಬಗಳ ಗುಳಿಗಳು. ಕಂಬ ಸುಟ್ಟುಹೋಗಿದ್ದರೂ ಅದು ನಿಂತಿದ್ದ ಗುಳಿ ಬೇರೆ ಬಣ್ಣದ ಮಣ್ಣಿನಿಂದ ತುಂಬಿಕೊಂಡು ಉಳಿದಿತ್ತು. ಗುಳಿಯಿಂದ ಗುಳಿಗೆ ಗೆರೆ ಎಳೆದಾಗ ದನಗಳನ್ನು ಕೂಡುವ ಆವರಣ ಮೂಡಿತು. ಒಂದು ಆವರಣ ಸುಟ್ಟ ಮೇಲೆ ಅದರ ಬೂದಿಯ ಮೇಲೆಯೇ ಇನ್ನೊಂದು, ಅದು ಸುಟ್ಟ ಮೇಲೆ ಮತ್ತೊಂದು. ಎಲ್ಲಕ್ಕಿಂತ ಮನಸ್ಸನ್ನು ಹಿಡಿಯುವ ಸಾಕ್ಷ್ಯವೆಂದರೆ, ಬೂದಿಯ ಒಂದು ಪದರದ ಮೇಲೆ ದನಗಳ ಗೊರಸಿನ ಗುರುತುಗಳು ಮೂಡಿ ಹಾಗೆಯೇ ಉಳಿದುಕೊಂಡಿದ್ದುದು. ಸುಟ್ಟ ದೊಡ್ಡಿಯ ಬೂದಿಯನ್ನು ತುಳಿಯುತ್ತ ದನಗಳು ಮತ್ತೆ ಅಲ್ಲಿಗೇ ಬಂದಿದ್ದವು. ನಾಲ್ಕು ಸಾವಿರ ವರ್ಷಗಳ ಹಿಂದಿನ ಒಂದು ದಿನದ ಹೆಜ್ಜೆ ಅದು; ಫೂಟ್ ಅವರ ಊಹೆಗೆ ಅದಕ್ಕಿಂತ ನೇರವಾದ ಪ್ರಮಾಣ ದೊರೆಯುವುದು ಕಷ್ಟ. ಅದೇ ಸುಮಾರಿಗೆ ಲಂಡನ್ನಿನ ಪ್ರಾಧ್ಯಾಪಕ ಜಾಯ್ನರ್ ಅವರು ಕುಡತಿನಿಯ ಕಿಟ್ಟವನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿ, ಅದು ಸೆಗಣಿ ಸುಟ್ಟು ಕರಗಿ ಆದುದೇ ಎಂದು 1960ರಲ್ಲಿ ಪ್ರಕಟಿಸಿದರು. ದನ ಮೇಯ್ದ ಹುಲ್ಲಿನಲ್ಲಿರುವ ಮರಳಿನ ಅಂಶವೇ ಉರಿಯ ಕಾವಿಗೆ ಗಾಜಿನಂತೆ ಕರಗುತ್ತದೆಂಬುದು ಇದರಿಂದ ಸ್ಥಿರವಾಯಿತು.

ಬೆಂಕಿ ಆಕಸ್ಮಿಕವೋ ಉದ್ದೇಶಪೂರ್ವಕವೋ? ಪದೇಪದೇ ಒಂದೇ ಕಡೆಯಲ್ಲಿ ಅಪಘಾತವಾಗುವುದು ಸಂಭಾವ್ಯವಲ್ಲವೆಂದು ಕಂಡ ಆಲ್ಚಿನ್ ಅವರು, ಈ ನಾಡಿನ ಬದುಕಿನಲ್ಲಿಯೇ ಉತ್ತರವನ್ನು ಹುಡುಕಿದರು. ಹೋಳಿ, ದೀಪಾವಳಿ, ಸಂಕ್ರಾಂತಿಗಳಲ್ಲಿ ಬೆಂಕಿಗೂ ದನಗಳಿಗೂ ಇರುವ ಸಂಬಂಧ ಅವರ ಗಮನವನ್ನು ಸೆಳೆಯಿತು. ಸಂಕ್ರಾಂತಿಯ ಸಂಜೆ ದನಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಹುಲ್ಲಿಗೆ ಬೆಂಕಿಯಿಟ್ಟು ಕಿಚ್ಚು ಹಾಯಿಸುವುದನ್ನು ಮೈಸೂರು ಮಂಡ್ಯಗಳ ಹಳ್ಳಿಯವರಿಗೆ ವಿವರಿಸಬೇಕಾಗಿಲ್ಲ. ಋತುಸಂಧಿಯಲ್ಲಿ ದನಗಳ ಕ್ಷೇಮಕ್ಕಾಗಿ ದೊಡ್ಡಿಯನ್ನು ಸುಡುವ ಆಚಾರವೊಂದು ಆ ಜನರಲ್ಲಿ ಇದ್ದಿರಬಹುದೆಂದು 1963ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಅವರು ಸೂಚಿಸಿದರು. ಆ ಹಬ್ಬದಿಂದ ಈ ಹಬ್ಬದವರೆಗೆ ನಾಲ್ಕು ಸಾವಿರ ವರ್ಷಗಳ ಅವಿಚ್ಛಿನ್ನ ಪರಂಪರೆಯೆಂದು ಹೇಳುವುದಾದರೆ ನಾನು ಹಿಂಜರಿಯುತ್ತೇನೆ. ಅಂತಹ ಸೇತುವೆಯನ್ನು ಹೊರಲು ನಡುವೆ ಕಂಬಗಳಿಲ್ಲ. ಆದರೆ ದನವನ್ನು ಸಾಕುವ ಜನಕ್ಕೆ ಬೆಂಕಿ ಏನಾಗಿದ್ದೀತೆಂದು ಕೇಳುವ ಧೈರ್ಯವನ್ನು ಆ ಹೋಲಿಕೆ ಕೊಟ್ಟಿತು. ಅದು ಸಣ್ಣ ಲಾಭವಲ್ಲ.

ಈ ಕಾಲದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಎಚ್.ಡಿ. ಸಾಂಕಳಿಯ ಅವರು ಬೆಳೆಸಿದ ಶಿಷ್ಯರು ಕರ್ನಾಟಕದ ನೆಲದಲ್ಲಿ ಮಾಡಿದ ಕೆಲಸವೂ ಗಣನೀಯವಾದುದು. ಸುಬ್ಬರಾವ್ ಅವರು ಬಳ್ಳಾರಿಯ ಸಂಗನಕಲ್ಲಿನಲ್ಲಿಯೂ, ಎಂ.ಎಸ್. ನಾಗರಾಜರಾವ್ ಅವರು ತೆಕ್ಕಲಕೋಟೆಯಲ್ಲಿಯೂ ತುಂಗಭದ್ರೆಯ ದಡದ ಹಳ್ಳೂರಿನಲ್ಲಿಯೂ ಅಗೆದರು. ಹಳ್ಳೂರಿನ ಎಲುಬುಗಳನ್ನು ಪರೀಕ್ಷಿಸಿದವರು ಕೆ.ಆರ್. ಆಲೂರರು, ಪಶುವೈದ್ಯರು. ಅಲ್ಲಿ ಕುದುರೆಯ ಎಲುಬಿದೆಯೆಂದು ಅವರು ಹೇಳಿದ್ದು ದೊಡ್ಡ ವಾದಕ್ಕೆ ಎಡೆಗೊಟ್ಟಿತು. ಆ ವಾದ ಏನೇ ಇರಲಿ, ಮಡಕೆ ನಾಣ್ಯಗಳ ಮೇಲೆಯೇ ನಿಂತಿದ್ದ ವಿದ್ಯೆಗೆ ದನದ ವೈದ್ಯನೂ ಬೇಕು, ಸಸ್ಯ ಬಲ್ಲವನೂ ಬೇಕು ಎಂಬುದು ಆಗ ಎಲ್ಲರಿಗೂ ಮನವರಿಕೆಯಾಯಿತು.

ಇಷ್ಟರಲ್ಲಿ ಅಮೆರಿಕದಲ್ಲಿ ಲೂಯಿಸ್ ಬಿನ್‌ಫರ್ಡ್ ಅವರು 1962ರಿಂದ ಒಂದು ಹೊಸ ವಾದವನ್ನು ಎತ್ತಿದ್ದರು. ಇಂತಹ ಮಡಕೆ ಇಂತಹ ಜನರದು, ಅವರ ತರುವಾಯ ಇವರು ಬಂದರು ಎಂದು ಪಟ್ಟಿ ಮಾಡಿದರೆ ಸಾಲದು. ಒಂದು ಸಮಾಜ ತನ್ನ ಪರಿಸರದಲ್ಲಿ ಹೇಗೆ ಬದುಕಿತು, ಏಕೆ ಬದಲಾಯಿತು ಎಂಬುದನ್ನು ಊಹೆ ಮುಂದಿಟ್ಟು, ಅದನ್ನು ಪರೀಕ್ಷಿಸುವ ವಿಜ್ಞಾನದ ಕ್ರಮದಲ್ಲಿ ಕಾಣಬೇಕೆಂಬುದು ಅದರ ಸಾರ. ಈ ನವ ಪುರಾತತ್ತ್ವವನ್ನು ನಮ್ಮಲ್ಲಿ ಆಳವಾಗಿ ಓದಿ, ಒಪ್ಪಬೇಕಾದುದನ್ನು ಒಪ್ಪಿ, ಪ್ರಶ್ನಿಸಬೇಕಾದುದನ್ನು ಪ್ರಶ್ನಿಸಿದವರು ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು. ಅವರ ಕ್ಷೇತ್ರ ಸುರಪುರದ ದೋಆಬು, ಟೇಲರ್ ಅವರು ಅಗೆದ ಅದೇ ನೆಲ. 1990ರ ದಶಕದಲ್ಲಿ ಅವರು ಬೂದಿಹಾಳದಲ್ಲಿ ನಡೆಸಿದ ವಿಸ್ತಾರವಾದ ಉತ್ಖನನದಲ್ಲಿ, ಅದುವರೆಗೆ ಎಲ್ಲರೂ ದಿಬ್ಬವನ್ನೇ ನೋಡುತ್ತಿದ್ದಾಗ ದಿಬ್ಬದ ಸುತ್ತಲಿನ ನೆಲವನ್ನು ತೆರೆದು ತೋರಿಸಿದರು. ಅಲ್ಲಿ ಮನೆಗಳಿದ್ದವು, ಮಡಕೆಗಳಲ್ಲಿಟ್ಟು ಹೂಳಿದ ಮಕ್ಕಳ ಸಮಾಧಿಗಳಿದ್ದವು, ದನಗಳನ್ನು ಕಡಿದು ಮಾಂಸ ಹಂಚಿದ ಒಂದು ವಿಶಾಲವಾದ ನೆಲಗಟ್ಟು ಎಲುಬುಗಳೊಡನೆ ಹಾಗೆಯೇ ಉಳಿದಿತ್ತು. ಬೂದಿದಿಬ್ಬವು ಕಾಡಿನ ನಡುವಿನ ಒಂಟಿ ದೊಡ್ಡಿಯಲ್ಲ, ಜನ ನೆಲೆನಿಂತ ಹಟ್ಟಿಯ ಒಂದು ಅಂಗ ಎಂಬುದು ಇದರಿಂದ ಸಿದ್ಧವಾಯಿತು. ದೊಡ್ಡಿಯಿಂದ ತೆಗೆದ ಸೆಗಣಿಯನ್ನು ಒಂದೆಡೆ ರಾಶಿಹಾಕಿ ಆಗಾಗ್ಗೆ ಸುಡುತ್ತಿದ್ದರೆಂದು ಅವರು ವಿವರಿಸಿದರು.

ಒಂದು ಸಂಶಯ ಉಳಿಯಿತು. ಸೆಗಣಿಯ ಬೆಲೆ ಬಲ್ಲ ರೈತನು ಅದನ್ನು ಹೊಲಕ್ಕೆ ಹಾಕದೆ ಏಕೆ ಸುಟ್ಟ? ಅದನ್ನು ಒಂದೇ ಕಡೆಯಲ್ಲಿ, ಮೈಲುಗಳಾಚೆಗೂ ಕಾಣುವಂತೆ, ತಲೆಮಾರು ಬಿಟ್ಟು ತಲೆಮಾರು ಏಕೆ ಎತ್ತರಿಸಿದ? 1980ರ ಬಳಿಕ ಪಶ್ಚಿಮದಲ್ಲಿ ಇಯಾನ್ ಹಾಡರ್ ಮೊದಲಾದವರು, ಮನುಷ್ಯನು ಹೊಟ್ಟೆ ಬಟ್ಟೆಗಳ ಲೆಕ್ಕದಿಂದ ಮಾತ್ರವೇ ಬದುಕುವುದಿಲ್ಲ, ತನ್ನ ಸುತ್ತಲಿನ ಜಗತ್ತಿಗೆ ಅರ್ಥವನ್ನು ಕೊಟ್ಟುಕೊಂಡು ಬದುಕುತ್ತಾನೆಂದು ವಾದಿಸಿದ ಮೇಲೆ, ಬೂದಿದಿಬ್ಬವನ್ನು ಸ್ಮಾರಕವಾಗಿ ನೋಡುವ ದೃಷ್ಟಿ ಬಂದಿತು. ಪೀಟರ್ ಜೊಹಾನ್ಸನ್ ಅವರು 2004ರಲ್ಲಿ ಇವು ಉದ್ದೇಶಪೂರ್ವಕವಾಗಿ ಕಟ್ಟಿದ ನಿರ್ಮಾಣಗಳು, ಆಚರಣೆಯ ಸ್ಥಾನಗಳು ಎಂಬ ವಾದವನ್ನು ಮುಂದಿಟ್ಟರು. ನನಗೆ ಇದು ಸಂಪೂರ್ಣವಾಗಿ ಸಮ್ಮತವಲ್ಲದಿದ್ದರೂ ಉಪಯುಕ್ತವೆನಿಸುತ್ತದೆ. ಒಪ್ಪ ಮಾಡುವುದೂ ಪೂಜೆ ಮಾಡುವುದೂ ಬೇರೆ ಬೇರೆ ಎಂದು ಗೆರೆ ಎಳೆಯುವವರು ನಾವು. ಬೆಳಗಾದರೆ ಅಂಗಳ ಸಾರಿಸಿ ರಂಗವಲ್ಲಿ ಇಡುವ ಮನೆಯಲ್ಲಿ ಆ ಗೆರೆ ಎಲ್ಲಿ ಬೀಳುತ್ತದೆ?

ಅದೇ ಹೊತ್ತಿಗೆ ಸಂಗನಕಲ್ಲು ಮತ್ತು ಕಪ್ಪಗಲ್ಲುಗಳ ಬೆಟ್ಟಗಳಲ್ಲಿ ಧಾರವಾಡದ ರವಿ ಕೋರಿಶೆಟ್ಟರ್, ಡೋರಿಯನ್ ಫುಲ್ಲರ್, ನಿಕೋಲ್ ಬಾಯ್ವಿನ್ ಅವರ ತಂಡ ಕೆಲಸ ಮಾಡುತ್ತಿತ್ತು. ಅವರ ಸಾಧನಗಳು ನೋಡಲು ಅತಿ ಸಾಧಾರಣ: ಒಂದು ಪೀಪಾಯಿ ನೀರು, ಒಂದು ನವುರಾದ ಜರಡಿ. ಅಗೆದ ಮಣ್ಣನ್ನು ನೀರಿಗೆ ಹಾಕಿ ಕದಡಿದರೆ ಮಣ್ಣು ತಳಕ್ಕೆ ಇಳಿಯುತ್ತದೆ, ಸುಟ್ಟು ಕರಿಯಾದ ಕಾಳುಗಳು ತೇಲುತ್ತವೆ. ತೇಲಿದ್ದನ್ನು ಜರಡಿಯಲ್ಲಿ ಹಿಡಿದು ಒಣಗಿಸಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ನಾಲ್ಕು ಸಾವಿರ ವರ್ಷಗಳ ಹಿಂದಿನ ಉಗ್ರಾಣ ತೆರೆಯುತ್ತದೆ. ಹುರುಳಿ, ಹೆಸರು, ಕೊರಲೆ ಮೊದಲಾದ ಕಿರುಧಾನ್ಯಗಳು ಹೀಗೆ ದೊರೆತವು. ದನಗಾಹಿಗಳೆಂದು ಮಾತ್ರ ತಿಳಿದಿದ್ದ ಜನ ಬೇಸಾಯಗಾರರೂ ಆಗಿದ್ದರು. ಅವರು ಬೆಳೆದ ಹುರುಳಿ ಹೆಸರುಗಳು ಈ ದಕ್ಷಿಣದ ನೆಲದಲ್ಲಿಯೇ ಪಳಗಿದ ಕಾಳುಗಳೆಂಬ ಅಭಿಪ್ರಾಯವೂ ಇದರಿಂದ ಬಲಗೊಂಡಿತು. ಒಂದೇ ಒಂದು ಕಾಳಿನಿಂದ ಕಾಲವನ್ನು ನಿರ್ಣಯಿಸಬಲ್ಲ ಹೊಸ ಯಂತ್ರಗಳು ಬಂದು, ದಿಬ್ಬಗಳು ಹಿಂದೆ ಎಣಿಸಿದ್ದಕ್ಕಿಂತ ಅಲ್ಪಾವಧಿಯಲ್ಲಿ ಬೆಳೆದಿರಬಹುದೆಂಬ ವಿಚಾರವೂ ಈಗ ಹೊರಟಿದೆ.

ಆ ಕಾಳುಗಳು ಬ್ರಹ್ಮಗಿರಿಯಲ್ಲಿಯೂ ಉಟ್ನೂರಿನಲ್ಲಿಯೂ ಇದ್ದೇ ಇರಬೇಕು. 1947ರಲ್ಲಿ ಅಷ್ಟು ಶಿಸ್ತಿನಿಂದ ಪದರ ಬಿಡಿಸಿದವರು, ಬೋಕಿಯನ್ನು ಆರಿಸಿಕೊಂಡ ಮೇಲೆ ಮಣ್ಣನ್ನು ಕಂದಕದ ಆಚೆಗೆ ಎಸೆದರು. ಮಣ್ಣಿನಲ್ಲಿ ಕೇಳುವುದಕ್ಕೆ ಪ್ರಶ್ನೆಯಿದೆಯೆಂದು ಆಗ ಯಾರಿಗೂ ತೋರಿರಲಿಲ್ಲ. ಫುಲ್ಲರ್ ಅವರ ತಂಡವಾದರೂ ಹಲವೆಡೆ ಹೊಸದಾಗಿ ವಿಸ್ತಾರವಾಗಿ ಅಗೆಯದೆ, ಹಿಂದಿನವರು ಉಳಿಸಿಹೋದ ನೆಲದಲ್ಲಿಯೇ ಸಣ್ಣ ಗುಳಿ ತೆಗೆದು ಮಾದರಿಯನ್ನು ಪಡೆಯಿತು. ವೀಲರ್ ಅವರ ಕ್ರಮದಲ್ಲಿ ಚೌಕಗಳ ನಡುವೆ ಬಿಟ್ಟ ಗೋಡೆ ಅಂದಿನ ಉತ್ಖನನಕ್ಕೆ ಪದರಗಳ ಲೆಕ್ಕವಾಗಿತ್ತು; ಮುಂದಿನವರಿಗೆ ಅದು ಅವರದೇ ಪ್ರಶ್ನೆಗಳಿಗಾಗಿ ಕಾದಿಟ್ಟ ಮಣ್ಣಾಯಿತು. ಉತ್ಖನನವೆಂದರೆ ಒಮ್ಮೆ ಓದಿದ ಹಾಳೆಯನ್ನು ಸುಟ್ಟುಬಿಡುವ ಓದು ಎಂಬುದನ್ನು ಬಲ್ಲ ಇಂದಿನ ಪುರಾತತ್ತ್ವಜ್ಞರು ಒಂದು ನಿವೇಶನದಲ್ಲಿ ಎಷ್ಟನ್ನು ಅಗೆಯಬೇಕೆಂಬುದರಷ್ಟೇ ಎಷ್ಟನ್ನು ಮುಟ್ಟದೆ ಬಿಡಬೇಕೆಂಬುದನ್ನೂ ಮೊದಲೇ ನಿರ್ಧರಿಸುತ್ತಾರೆ.

ಬೂದಿದಿಬ್ಬಗಳ ವಿಷಯದಲ್ಲಿ ಆ ನಿರ್ಧಾರ ಅವರ ಕೈಯಲ್ಲಿ ಪೂರ್ತಿಯಾಗಿ ಇಲ್ಲ. ಬೂದಿ ಒಳ್ಳೆಯ ಗೊಬ್ಬರವೆಂದು ಹೊಲಗಳಿಗೆ ಸಾಗಿಹೋಗಿದೆ. ಕಪ್ಪಗಲ್ಲಿನ ಹಿರೇಗುಡ್ಡದಲ್ಲಿ, ಶಿಲಾಯುಗದವರು ಕೊಡಲಿಗಾಗಿ ಕಲ್ಲು ಒಡೆದ ಅದೇ ಕಪ್ಪು ಶಿಲೆಯ ಸಾಲಿನಲ್ಲಿ, ಬಡಿದರೆ ಗಂಟೆಯಂತೆ ನುಡಿಯುವ ಬಂಡೆಗಳೂ ಚಿತ್ರ ಕೊರೆದ ಬಂಡೆಗಳೂ ಜಲ್ಲಿಕಲ್ಲಿನ ಗಣಿಗೆ ಸಿಕ್ಕಿವೆ. ಬಳ್ಳಾರಿಯಲ್ಲಿ ಈಗ ರಾಬರ್ಟ್ ಬ್ರೂಸ್ ಫೂಟ್ ಅವರ ಹೆಸರಿನಲ್ಲಿಯೇ ಸಂಗನಕಲ್ಲಿನ ಸಂಶೋಧನೆಗಳ ವಸ್ತುಸಂಗ್ರಹಾಲಯವೊಂದು ಏರ್ಪಟ್ಟಿರುವುದು ಸಂತೋಷದ ಸಂಗತಿ. ಆದರೆ ಅಲ್ಲಿ ಇಡಬಹುದಾದುದು ಕೊಡಲಿ, ಬೋಕಿ, ಎಲುಬುಗಳನ್ನು ಮಾತ್ರ. ಯಾವ ಪದರ ಉರಿದು ಗಾಜಾಯಿತು, ಯಾವುದು ಮೆಲ್ಲನೆ ಬೆಂದು ಬೂದಿಯಾಯಿತು, ಯಾವುದರಲ್ಲಿ ಸೆಗಣಿ ಸುಡದೆ ಹಾಗೆಯೇ ಉಳಿಯಿತು, ಅವು ಒಂದರ ಮೇಲೊಂದು ಯಾವ ಕ್ರಮದಲ್ಲಿ ಬಂದವು ಎಂಬುದನ್ನು ದಿಬ್ಬವಿರುವ ಸ್ಥಳದಲ್ಲಿಯೇ ನೋಡಬೇಕು. ಮಣ್ಣಿನ ತೆಳುವಾದ ಹಲ್ಲೆಯನ್ನು ರಾಳದಲ್ಲಿ ಗಟ್ಟಿಮಾಡಿ ಸೂಕ್ಷ್ಮದರ್ಶಕದಲ್ಲಿ ಓದುವ ಕ್ರಮದಿಂದ ಆ ಪದರಗಳನ್ನು ಋತುಋತುವಾಗಿ ಬಿಡಿಸುವ ಕೆಲಸ ಈ ಸೀಮೆಯಲ್ಲಿ ಈಗಷ್ಟೇ ಪ್ರಾರಂಭವಾಗಿದೆ. ಅದಕ್ಕೆ ಬೇಕಾದುದು ಕದಡದೆ ಉಳಿದ ಕೆಲವು ಮಾರು ದಿಬ್ಬ.